ಹಿತ್ತಲಿನ ಝೀರೋ ಬಲ್ಬ್

ಕಳೆದ ಮಳೆಗಾಲದ ಒಂದು ಭಾನುವಾರ, ಬೆಳಗಿನ ಜಾವ ಐದು ಗಂಟೆ. ಅಟ್ಟೂರಿನ ನಮ್ಮ ಹಿತ್ತಲಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಒಣಗಿದ ಮಾವಿನ ಬುಡದಲ್ಲಿ ಮಂದವಾದ ಹಸಿರು ಬೆಳಕು ಕಂಡಿತು. ಮಲಗುವ ಮುನ್ನ ಎಲ್ಲ ದೀಪ ಆರಿಸಬೇಕೆಂಬುದು ನಮ್ಮ ಮನೆಯ ನಿಯಮ.

“ಝೀರೋ ಬಲ್ಬ್ ಯಾಕೆ ಆರಿಸಿಲ್ಲ?” ಎಂದು ಗದರಿದೆ.

“ಹಿತ್ತಲಿಗೆ ಝೀರೋ ಬಲ್ಬ್ ಯಾವಾಗ ಹಾಕಿಸಿದ್ರಿ?” ಎಂದಳು.

ಹತ್ತಿರ ಹೋದರೆ, ಬೆಳಗುತ್ತಿದ್ದದ್ದು ಅಣಬೆಗಳು! ಸಸ್ಯಶಾಸ್ತ್ರ ಕಲಿಸುವ ನನ್ನ ತಮ್ಮನಿಗೆ ಫೋಟೊ ಕಳಿಸಿದೆ. “ವಿಷ ಕಣಣ್ಣಾ, ತಿನ್ಬೇಡಿ. ಆದ್ರೆ ಕೀಳ್ಲೂಬೇಡಿ. ಸತ್ತ ಮರಾನ ಮಣ್ಣು ಮಾಡೋದು ಅದರ ಕೆಲಸ” ಎಂದ.

ಮಧ್ಯಾಹ್ನ ಪಕ್ಕದ ಮನೆಯ ಮುನಿಯಮ್ಮ ಅಣಬೆ ಕೀಳಲು ಬುಟ್ಟಿ ಹಿಡಿದು ಬಂದರು. ಬಿಸಿಲಿನಲ್ಲಿ ಅವು ಮಾಮೂಲಿ ಅಣಬೆಗಳಂತೆಯೇ ಕಾಣುತ್ತಿದ್ದವು. ವಿಷವೆಂದರೆ ನಕ್ಕರು. “ಇಂತಾ ಅಣಬೆ ಸಾರು ಎಷ್ಟು ಉಂಡಿಲ್ಲ ನಾನು, ಬಿಡಣ್ಣ!”

ಅಡ್ಡ ನಿಂತು, ಕತ್ತಲಾದ ಮೇಲೆ ಒಮ್ಮೆ ಬಂದು ನೋಡಿ ಎಂದೆ. ಸಂಜೆ ಬಂದರು. ಬೆಳಕು ಕಂಡೊಡನೆ ಬುಟ್ಟಿ ಬೆನ್ನ ಹಿಂದೆ ಹೋಯಿತು.

“ಅಯ್ಯೋ, ಒಟ್ಟೆಯೊಳಗೆ ದೀಪ ಅಚ್ಕೊಂತಿದ್ನಲ್ಲಪ್ಪಾ!”

ಆ ಒಣ ಮಾವಿನ ಬುಡ ಕೀಳಲು ಮರುದಿನಕ್ಕೆ ಹೇಳಿದ್ದ ಆಳಿಗೆ ಬರಬೇಡವೆಂದು ಫೋನ್ ಮಾಡಿದೆ. ಆಮೇಲೆ ದಿನದ ಕೊನೆಯ ಕೆಲಸ: ದೀಪಗಳನ್ನೆಲ್ಲ ಆರಿಸಿದೆ. ಹಿತ್ತಲಿನದೊಂದನ್ನು ಮಾತ್ರ ಹಾಗೇ ಬಿಟ್ಟೆ.