ಕಣಜದಲ್ಲಿ ಕರಗಿದ ಅಂಗಡಿ

ಕಡಕೊಳದ ನಮ್ಮ ಊದುಬತ್ತಿ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಸರಸ್ವತಿಪುರಂನ ಷಡಕ್ಷರಿ. ಎಲ್ಲ ಊರಿನ ಡಿಪೋಗಳ ಮಾರಾಟದ ಲೆಕ್ಕವನ್ನು ಒಂದೇ ಕಡೆ ತುಂಬಿಡುವ ಡೇಟಾ ವೇರ್‌ಹೌಸ್ ಎಂಬ ತಂತ್ರಾಂಶ ಅವರ ಸುಪರ್ದಿಯಲ್ಲಿತ್ತು. ಪ್ಯಾಕಿಂಗ್ ವಿಭಾಗದ ನಾವು ಅದನ್ನು ಕಣಜ ಎನ್ನುತ್ತಿದ್ದೆವು.

ಹಳೆಯ ಕಣಜಕ್ಕೊಂದು ಕಾಯಿಲೆ. ನಿನ್ನೆ ಚಾಮರಾಜನಗರದಲ್ಲಿ ಮಾರಿದ ಒಂದು ಪೊಟ್ಟಣವನ್ನು ಸೇರಿಸಬೇಕಾದರೂ ಅದು ಕಾರ್ಖಾನೆ ಹುಟ್ಟಿದಂದಿನಿಂದ ಎಲ್ಲವನ್ನೂ ಮತ್ತೆ ಓದುತ್ತಿತ್ತು. ಷಡಕ್ಷರಿ ಗುಂಡಿ ಒತ್ತಿದ ಮೇಲೆ ನಾವು ಬತ್ತಿ ಹೊಸೆದು, ಒಣಗಿಸಿ, ಪ್ಯಾಕ್ ಮಾಡಿ, ಲಾರಿಗೆ ಹಾಕಿ, ಅದು ಹುಬ್ಬಳ್ಳಿಯ ಯಾವುದೋ ದೇವರ ಮುಂದೆ ಉರಿದು ಬೂದಿಯಾದರೂ ಪರದೆಯ ಮೇಲೆ ಮರಳು ಗಡಿಯಾರ ತಿರುಗುತ್ತಲೇ ಇರುತ್ತಿತ್ತು. ಷಡಕ್ಷರಿಗೆ ಬೇಸರವಿಲ್ಲ. ಚಿತ್ರಾನ್ನದ ಡಬ್ಬಿ ಬಿಚ್ಚಿ ಫ್ಯಾನಿನ ಕೆಳಗೆ ಕೂರುತ್ತಿದ್ದರು. ಅಷ್ಟು ತೃಪ್ತ ಮನುಷ್ಯನನ್ನು ನಾನು ಮಠದಲ್ಲೂ ಕಂಡಿಲ್ಲ.

ಎರಡು ಸಾವಿರದ ಮೂರರಲ್ಲಿ, ದಸರೆಗೆ ಮುಂಚೆ, ಹೊಸ ಆವೃತ್ತಿಯ ಸಿ.ಡಿ. ಬಂತು. ಮಾಲೀಕರಾದ ಕೃಷ್ಣಸ್ವಾಮಿಯವರಿಗೆ ಷಡಕ್ಷರಿ ವಿವರಿಸಿದರು: "ಬದಲಾದದ್ದನ್ನ ಮಾತ್ರ ತಗೊಳ್ಳುತ್ತೆ ಸಾರ್. ಮೊದಲು ಅಂಗಡಿ ಜಾಗ ಬದಲಾಯಿಸಿದ್ರೆ ಹಳೇ ವ್ಯಾಪಾರಾನೆಲ್ಲ ಮರೆತುಬುಡ್ತಿತ್ತು, ಇನ್ಮೇಲೆ ಮರೆಯಲ್ಲ. ಒಂದೇ ಅಂಗಡೀನ ಎರಡು ಸಲ ಬರೆದಿದ್ರೆ ಹೆಸರು ನೋಡಿ ತಾನೇ ಸೇರಿಸುತ್ತೆ."

"ಮುಂದಿನ ಸಲ ಕಾಫೀನೂ ಮಾಡುತ್ತಾ ವಿಚಾರಿಸ್ರೀ," ಎಂದರು ಕೃಷ್ಣಸ್ವಾಮಿ.

ಮೊದಲ ವರದಿ ಬಂದಾಗ ಷಡಕ್ಷರಿ ಡಬ್ಬಿಯ ಮುಚ್ಚಳವನ್ನೂ ತೆಗೆದಿರಲಿಲ್ಲ. ನಂಜನಗೂಡಿನ ಶ್ರೀ ನಂಜುಂಡೇಶ್ವರ ಸ್ಟೋರ್ಸ್ ಎಂಬ ಒಂದೇ ಅಂಗಡಿ ರಾಜ್ಯದ ಅರ್ಧ ಹೊಗೆಯನ್ನು ಮಾರಿತ್ತು. ಹಿಗ್ಗಿದ ಕೃಷ್ಣಸ್ವಾಮಿ ಆ ಮಹಾನುಭಾವನ ಸನ್ಮಾನಕ್ಕೆ ಜರಿಶಾಲು ತರಿಸಿದರು. ದಸರೆಯ ಮಾಲೂ ವರದಿಯಂತೆಯೇ ಹೊರಟಿತು.

ಮುಂದಿನ ವಾರ ಒಂಟಿಕೊಪ್ಪಲಿನಲ್ಲಿ ಪುಟ್ಟ ಅಂಗಡಿ ಇಟ್ಟಿದ್ದ ಪುಟ್ಟಬಸಮ್ಮ ಬಸ್ಸು ಹಿಡಿದು ಬಂದರು.

"ಏನಪ್ಪಾ ಷಡಕ್ಷರಿ, ನನ್ನಂಗಡಿ ಮುಚ್ಚೋಯ್ತು ಅಂತ ನಿಂಗ್ಯಾರೇಳಿದ್ರು?"

"ಯಾಕಮ್ಮ?"

"ಹಬ್ಬದ ಮಾಲು ಬರ್ನಿಲ್ಲ. ಡಿಪೋದೋರು ನಿಮ್ಮೆಸ್ರೇ ಇಲ್ಲ ಅಂತಾರೆ. ದಸರಾ ವ್ಯಾಪಾರ ತಪ್ಪೋದ್ರೆ ವರ್ಷೆಲ್ಲಾ ನಾನು ಹೊಗೆ ಕುಡ್ಕೊಂಡಿರ್ಲಾ?"

"ಅಂಗಡಿ ಹೆಸರೇನಮ್ಮ?"

"ಇನ್ನೇನಿದ್ದೀತು? ಶ್ರೀ ನಂಜುಂಡೇಶ್ವರ ಸ್ಟೋರ್ಸು."

ಷಡಕ್ಷರಿಯ ಬಾಯಿಯವರೆಗೆ ಹೋಗಿದ್ದ ತುತ್ತು ಡಬ್ಬಿಗೆ ವಾಪಸಾಯಿತು.

ನಮ್ಮ ಸೀಮೆಯಲ್ಲಿ ಅಂಗಡಿಗೆ ಮನೆದೇವರ ಹೆಸರಿಡುವುದು ವಾಡಿಕೆ, ಮನೆದೇವರೋ ಅರ್ಧ ಸೀಮೆಗೆ ಒಬ್ಬನೇ. ಚಾಮುಂಡಿ ಬೆಟ್ಟದ ಮೇಲೆ ಗಾಳಿಗೆ ಟೋಪಿ ಹಾರಿದರೆ ಅದು ಬೀಳುವುದು ಒಂದು ನಂಜುಂಡೇಶ್ವರ ಸ್ಟೋರ್ಸ್‌ನ ಬೋರ್ಡಿನ ಮೇಲೆ. ಅಲ್ಲಿಂದ ಜಾರಿದರೆ ಎದುರಿನ ನಂಜುಂಡೇಶ್ವರ ಸ್ಟೋರ್ಸ್ ಮೇಲೆ. ಎಲ್ಲೋ ಕೂತು ತಂತ್ರಾಂಶ ಬರೆದವರಿಗೆ ಇದು ಹೇಗೆ ಗೊತ್ತಾಗಬೇಕು? ಕಣಜ ಎಲ್ಲರನ್ನೂ ಒಂದೇ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿಬಿಟ್ಟಿತ್ತು.

"ಸಾರ್, ಆ ಶಾಲಿನ ಮನುಷ್ಯ ಒಬ್ಬನಲ್ಲ," ಎಂದರು ಷಡಕ್ಷರಿ. "ಸನ್ಮಾನಕ್ಕೆ ಕರೆಸಿದ್ರೆ ಅರಮನೆ ಮೈದಾನವೇ ಬೇಕು."

"ಹಳೇದಕ್ಕೇ ವಾಪಸ್ ಹೋಗೋಣೇನ್ರೀ?"

"ಬೇಡಿ ಸಾರ್. ಹೆಸರು ಬಿಟ್ಟು ಡೀಲರ್ ನಂಬರ್ ನೋಡು ಅಂತ ಅದಕ್ಕೆ ಹೇಳ್ತೀನಿ."

ಹೇಳಿದರು. ಬಾಣಲೆಯಲ್ಲಿ ಅರಳು ಸಿಡಿದಂತೆ ಅಂಗಡಿಗಳು ಪಟಪಟನೆ ಬೇರೆಬೇರೆಯಾದವು. ಒಂಟಿಕೊಪ್ಪಲಿನದೂ ಹೊರಬಂತು, ಜೊತೆಗೆ ಅದರ ಹಳೆಯ ವಿಳಾಸವೂ. ಪುಟ್ಟಬಸಮ್ಮ ಮೊದಲು ಅಂಗಡಿ ಇಟ್ಟಿದ್ದದ್ದು ನಂಜನಗೂಡಿನಲ್ಲಿ; ಕಾರ್ಖಾನೆಯ ಮೊಟ್ಟಮೊದಲ ಡೀಲರ್ ಅವರೇ. ಜಾಗ ಬದಲಾಯಿಸಿದಾಗ ಹಳೆಯ ಕಣಜ ಅದನ್ನು ಮರೆತಿತ್ತು, ಹೊಸದು ಎತ್ತಿ ತೋರಿಸಿತು.

ಶಾಲಿಗೆ ಮೊದಲ ಡೀಲರಿನ ಹೆಗಲು ಸಿಕ್ಕಿತು. ದಸರೆಯ ಮಾಲು ಕಾರ್ಖಾನೆಯ ವ್ಯಾನು ಏರಿತು, ಮುಂದಿನ ಸೀಟು ಪುಟ್ಟಬಸಮ್ಮನಿಗೆ.

"ಅಮ್ಮ, ಮುಂದೆ ತಾಪತ್ರಯ ಬೇಡ, ಅಂಗಡಿ ಹೆಸರಿಗೆ ಏನಾದ್ರೂ ಸೇರಿಸ್ಕೊಳ್ಳಿ," ಎಂದರು ಷಡಕ್ಷರಿ.

"ನಾನ್ಯಾಕ್ ಸೇರುಸ್ಲಿ? ನಿನ್ ಕಂಪ್ಯೂಟ್ರಿಗೇ ಬುದ್ಧಿ ಸೇರ್ಸು."

ಆಮೇಲೆ ಎಷ್ಟು ಆವೃತ್ತಿಗಳು ಬಂದರೂ ಷಡಕ್ಷರಿ ಮೊದಲು ಒಂಟಿಕೊಪ್ಪಲಿಗೆ ಫೋನು ಮಾಡುತ್ತಿದ್ದರು. "ಅಮ್ಮ, ಹೊಸದು ಹಾಕ್ತಾ ಇದ್ದೀನಿ. ಅಂಗಡಿ ಇದೆ ತಾನೆ?"

"ಇದೆ ಕಣಪ್ಪ. ನೀನು ಮೆಲ್ಲಗೆ ಒತ್ತು."