ಕೊಸರಿಲ್ಲದ ತೂಕ

ಅವರ ಅಂಗೈ ಹಸುಗೂಸಿನ ಅಂಗೈಯಷ್ಟು ಮೆತ್ತಗಿತ್ತು. ಎಪ್ಪತ್ತರ ಹತ್ತಿರದ ಮನುಷ್ಯ, ಮುಖ ಮಧುಗಿರಿ ಬೆಟ್ಟದ ಬಂಡೆಯಂತೆ ಒರಟು, ಹಿಮ್ಮಡಿಯಲ್ಲಿ ಬೆರಳು ತೂರುವಷ್ಟು ಬಿರುಕು; ಕೈ ಮಾತ್ರ ಬೆಣ್ಣೆ. ಕುರಿಯ ಉಣ್ಣೆಯಲ್ಲಿ ಒಂದು ಜಿಡ್ಡಿರುತ್ತದೆ. ಐವತ್ತು ವರ್ಷ ಕುರಿಯ ಬೆನ್ನು ಸವರಿದವರ ಕೈಗೆ ಅದು ಇಳಿದುಬಿಡುತ್ತದೆ. ವಾಸನೆಯೂ ಅಷ್ಟೇ, ಯಾವ ಸೋಪಿಗೂ ಹೋಗುವುದಿಲ್ಲ.

ನಾನು ಅವರನ್ನು ಮಾವ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇಲ್ಲ. ಅವರು ಸಿರಾ ಸಂತೆಯ ಕುರಿ ದಲ್ಲಾಳಿ. ಬರಿಗೈಯಲ್ಲಿ ಆ ಸಂತೆಗೆ ಹೋಗಿ ಪೆದ್ದನಂತೆ ನಿಂತಿದ್ದ ನನ್ನನ್ನು, "ಏನ್ಲಾ ಅಳಿಯ, ನೀನು ಕುರಿ ನೋಡ್ತಿದೀಯೋ, ಕುರಿಗಳೇ ನಿನ್ನ ನೋಡ್ತಾವೋ?" ಎಂದು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡವರು. ಇವತ್ತು ನನ್ನದೇ ಎರಡು ಲಾರಿ ಓಡುತ್ತವೆ. ಅದರ ಮೊದಲ ಗಾಲಿ ತಿರುಗಿದ್ದು ಆ ಮಾತಿನಿಂದ.

ಅವರಿಗೆ ತಕ್ಕಡಿ ಬೇಕಿರಲಿಲ್ಲ. ಕುರಿಯ ಮುಂಗಾಲ ಹಿಂದೆ ಒಂದು ಕೈ, ತೊಡೆಯ ಕೆಳಗೆ ಒಂದು ಕೈ ಕೊಟ್ಟು ನೆಲದಿಂದ ಒಂದು ಗೇಣು ಎತ್ತುವರು, ಕಣ್ಣು ಮುಚ್ಚುವರು, ಇಳಿಸುವರು. "ಇಪ್ಪತ್ತೆಂಟು. ಹೊಟ್ಟೇಲಿ ನೀರೈತೆ, ಇಪ್ಪತ್ತಾರೂವರೆ ಅನ್ಕೊ." ಇದನ್ನು ಅವರು ಎತ್ತುವುದು ಎನ್ನುತ್ತಿರಲಿಲ್ಲ, 'ಕೈ ಕೇಳೋದು' ಎನ್ನುತ್ತಿದ್ದರು. "ನೀನು ಹೇಳಬ್ಯಾಡ ಕಣ್ಲಾ, ಕೈನ ಕೇಳು. ನಿನ್ ಬಾಯಿಗೆ ಆಸೆ ಜಾಸ್ತಿ."

ಬೆಲೆಯ ಮಾತು ಬಂದಾಗ ಹೆಗಲ ಟವೆಲ್ಲು ಕೈಗಳ ಮೇಲೆ ಬೀಳುತ್ತಿತ್ತು. ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯಬೇಕು. ಎಷ್ಟು ಬೆರಳೋ ಅಷ್ಟು. ಬಾಯಲ್ಲಿ ಅಂಕಿ ಬರಬಾರದು, ಮುಖ ನೋಡಬಾರದು. ವ್ಯಾಪಾರ ಕುದುರಿದ ಮೇಲೂ ಒಂದು ಹಗ್ಗವೋ, ಒಂದು ಹಿಡಿ ಉಣ್ಣೆಯೋ, ಏನಾದರೊಂದು ಕೊಸರು ಕೇಳದೆ ಮಾವ ಜಾಗ ಬಿಟ್ಟವರಲ್ಲ. ನಾನೂ ಹಾಗೇ ಕಲಿತೆ. ಕೊಸರು ಸಿಗದ ಜಾಗ ಒಂದಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಹೋದ ವರ್ಷ ಅವರಿಗೆ ಕೆಮ್ಮು ಹತ್ತಿತು. ಬೆಂಗಳೂರಿಗೆ ಕರೆದುಕೊಂಡು ಹೋದೆ. ಶ್ವಾಸಕೋಶದಲ್ಲಿ ಗಂಟು, ಕ್ಯಾನ್ಸರ್ ಎಂದರು. ಗಂಟು ಅಲ್ಲೇ ಇದ್ದರೆ ಆಪರೇಷನ್ ಮಾಡಬಹುದು. ಕತ್ತು, ಕಂಕುಳಿಗೆ ಹಬ್ಬಿದ್ದರೆ ಮಾಡಿ ಪ್ರಯೋಜನವಿಲ್ಲ. ಯಾವುದೆಂದು ತಿಳಿಯಲು ಪೆಟ್ ಸ್ಕ್ಯಾನ್ ಬರೆದುಕೊಟ್ಟರು.

"ಪೆಟ್ಟಾ? ನಾನೆಲ್ಲೂ ಬಿದ್ದಿಲ್ವಲ್ಲೋ," ಎಂದರು ಮಾವ.

ಸ್ಕ್ಯಾನಿನವರು ಫೋನ್ ಮಾಡಿ ನನಗೆ ನಿಯಮ ಹೇಳಿದರು. ಆರು ಗಂಟೆ ಉಪವಾಸ, ನೀರು ಮಾತ್ರ. ಹಿಂದಿನ ದಿನ ಭಾರ ಎತ್ತಬಾರದು, ಮೈ ದಣಿಸಬಾರದು. ಒಂದೂ ಬಿಡದೆ ಮಾವನಿಗೆ ಹೇಳಿದೆ. ಹೇಳಿದ್ದು ಸ್ಕ್ಯಾನಿನ ಹಿಂದಿನ ದಿನ, ಸಂತೆಯಲ್ಲೇ ನಿಂತು. ಪಾವಗಡ ಕಡೆಯಿಂದ ನನಗೆ ಇಪ್ಪತ್ತು ಟಗರುಮರಿ ಬಂದಿದ್ದವು. "ನಾನ್ಯಾವ ಭಾರ ಎತ್ತಲಿ, ಮೂಟೆ ಹೊರೋನಾ?" ಎಂದು ನಕ್ಕು, ನಡುನಡುವೆ ಕೆಮ್ಮುತ್ತ, ಇಪ್ಪತ್ತಕ್ಕೂ ಕೈ ಕೇಳಿದರು. ಮರಿ ತಂದಿದ್ದವನು "ಮಾವಾ, ನೀ ಚೇಯಿ ಏಮಂಟಾಂದಿ?" ಎಂದು ತೆಲುಗಿನಲ್ಲಿ ಕೈಯ ಮಾತನ್ನು ವಿಚಾರಿಸುತ್ತಲೇ ಇದ್ದ. ನಾನು ಪಕ್ಕದಲ್ಲೇ ಇದ್ದೆ. ಬೇಡ ಎನ್ನಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆವು. ಅಲ್ಲಿ ಸೂಜಿ ಹಾಕುವ ಹುಡುಗಿ "ತಾತ, ತೂಕ ಎಷ್ಟು?" ಎಂದಳು.

"ನಲವತ್ತೊಂಬತ್ತು. ಹಸ್ಕೊಂಡಿದೀನಿ, ಅರ್ಧ ಕಮ್ಮಿ ಮಾಡ್ಕೊ ತಾಯಿ."

ಯಂತ್ರ ನಲವತ್ತೆಂಟೂವರೆ ತೋರಿಸಿತು. ಅವಳು ನಕ್ಕಳು. ತೂಕಕ್ಕೆ ತಕ್ಕಂತೆ ಔಷಧಿ ಎಂದಳು. ಅದು ವಿಕಿರಣ ಸೇರಿಸಿದ ಸಕ್ಕರೆಯಂತೆ. ತಯಾರಾದ ಗಳಿಗೆಯಿಂದಲೇ ಅದರ ಕಸುವು ಇಳಿಯುತ್ತ ಹೋಗಿ, ಎರಡು ಗಂಟೆ ತುಂಬುವಷ್ಟರಲ್ಲಿ ಅರ್ಧಕ್ಕೂ ಕಡಿಮೆಯಾಗುತ್ತದಂತೆ. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ದೂರದಿಂದ ಬಂದಿದೀವಮ್ಮ. ಚಿತ್ರ ಚೆನ್ನಾಗಿ ಬರಲಿ, ಒಂದಿಷ್ಟು ಕೊಸರು ಹಾಕು."

"ಇದಕ್ಕೆ ಕೊಸರಿಲ್ಲ ಅಣ್ಣ. ಕಮ್ಮಿ ಹಾಕಿದ್ರೆ ಚಿತ್ರ ಮಸುಕು. ಜಾಸ್ತಿ ಹಾಕಿದ್ರೆ ತಾತನ ಮೈಗೆ ಸುಮ್ಮನೆ ವಿಕಿರಣ."

"ಒಳ್ಳೇ ದಲ್ಲಾಳಿ ಕಣ್ಲಾ ಈ ಹುಡ್ಗಿ," ಎಂದರು ಮಾವ. "ಜಗ್ಗಾಕಿಲ್ಲ."

ಸೂಜಿ ಹಾಕಿ ಒಂದು ಗಂಟೆ ಅಲುಗಾಡದೆ, ಮಾತಾಡದೆ ಮಲಗಿಸಿದರು. ಆಮೇಲೆ ಯಂತ್ರದೊಳಗೆ ಕಳಿಸಿದರು. ಮುಗಿದ ಮೇಲೆ ಅದೇ ಹುಡುಗಿ ಹೊರಗೆ ಬಂದು, "ತಾತ ನಿನ್ನೆ ಏನು ಕೆಲಸ ಮಾಡಿದ್ರು?" ಎಂದು ಕೇಳಿದಳು.

"ಏನೂ ಇಲ್ಲಮ್ಮ. ಸಂತೇಲಿ ಸುಮ್ನೆ ಕೈ ಕೇಳ್ತಿದ್ರು."

"ಹಂಗಂದ್ರೆ?"

ತೋರಿಸೋಣವೆಂದು ಬಗ್ಗಿದೆ. ಒಂದು ಕೈ ಮುಂದೆ, ಒಂದು ಕೈ ಹಿಂದೆ ಮಾಡಿ ಗಾಳಿಯಲ್ಲಿ ಕುರಿ ಎತ್ತಿದೆ. ಅರ್ಧಕ್ಕೆ ಬಂದ ಕೈ ಅಲ್ಲೇ ನಿಂತಿತು.

ಅವಳು ಬೈಯಲಿಲ್ಲ. ಪರದೆಯ ಹತ್ತಿರ ಕರೆದು ತೋರಿಸಿದಳು. ರೋಗ ಸಕ್ಕರೆಯನ್ನು ಎಳೆದುಕೊಂಡು ಬೆಳಗಬೇಕಿತ್ತು; ದಣಿದ ಸ್ನಾಯುವೂ ಸಕ್ಕರೆಯನ್ನೇ ಎಳೆದುಕೊಳ್ಳುತ್ತದೆ. ಮಾವನ ತೋಳು, ಭುಜ, ಕತ್ತು ದೀಪ ಹಚ್ಚಿಟ್ಟಂತೆ ಉರಿಯುತ್ತಿದ್ದವು. ಅದರ ನಡುವೆ ಕತ್ತಿನಲ್ಲಿ, ಕಂಕುಳಲ್ಲಿ ಗಂಟಿದೆಯೋ ಇಲ್ಲವೋ ಹೇಳಲು ಆಗುವುದಿಲ್ಲ ಎಂದಳು.

"ಇನ್ನೊಂದಿಷ್ಟು ಔಷಧಿ ಹಾಕಿ ಇನ್ನೊಂದು ಸಲ ತೆಗೀಯಮ್ಮ," ಎಂದೆ.

"ಔಷಧಿ ಸಾಲದೆ ಹಿಂಗಾಗಿಲ್ಲ ಅಣ್ಣ. ಹೋಗಬಾರದ ಕಡೆ ಹೋಗಿದೆ. ಇನ್ನಷ್ಟು ಹಾಕಿದ್ರೆ ಅಲ್ಲಿಗೇ ಇನ್ನಷ್ಟು ಹೋಗುತ್ತೆ."

ಇದನ್ನು ಓದುವವರಿಗೆ ಒಂದು ಮಾತು: ಆಸ್ಪತ್ರೆಯವರು ನಿಯಮ ಹೇಳಿದಾಗ "ಆಯ್ತು ಸಾರ್" ಎನ್ನಬೇಡಿ. ನಿಮ್ಮ ಮನೆಯವರು ದಿನವಿಡೀ ಏನು ಮಾಡುತ್ತಾರೆಂದು ಬಿಡಿಸಿ ಹೇಳಿ, ಮಾಡಬಹುದೇ ಎಂದು ಕೇಳಿ. ಅವರ 'ಭಾರ' ಬೇರೆ, ನಮ್ಮ 'ಭಾರ' ಬೇರೆ.

ಇನ್ನೊಂದು ಸ್ಕ್ಯಾನಿಗೆ ಎರಡು ವಾರ ಕಾಯಬೇಕಾಯಿತು. ಬೇಗ ಕೊಡಿಸಲು ಕಂಡಕಂಡವರಿಗೆ ಫೋನ್ ಮಾಡಿದೆ, ಆಗಲಿಲ್ಲ. ಸ್ಕ್ಯಾನಿಗೆ ಮುಂಚಿನ ನಾಲ್ಕು ದಿನ ಮಾವ ಜಗಲಿಯ ಮೇಲೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತರು. ಮೊಮ್ಮಗುವನ್ನೂ ಎತ್ತಿಕೊಳ್ಳಲಿಲ್ಲ. ನಾನು ಹೋದಾಗಲೆಲ್ಲ, "ನೋಡ್ಲಾ, ಕೈನ ಕಟ್ಟಾಕಿದೀನಿ," ಎನ್ನುವರು. ನನ್ನನ್ನು ನೋಯಿಸುವ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತು.

"ಈ ಸಲ ಚಿತ್ರ ತುಂಬ ಚೆನ್ನಾಗಿ ಬಂದಿದೆ," ಎಂದರು ಡಾಕ್ಟರು. ನಿಜ, ಶುಭ್ರವಾಗಿತ್ತು. ಭುಜ ಕಪ್ಪು, ತೋಳು ಕಪ್ಪು. ಶ್ವಾಸಕೋಶದಲ್ಲಿ ಒಂದು ಬೆಳಕು. ಕತ್ತಿನಲ್ಲಿ, ಕಂಕುಳಲ್ಲಿ, ಬೆನ್ನುಮೂಳೆಯ ಉದ್ದಕ್ಕೂ ಚುಕ್ಕಿ ಚುಕ್ಕಿ ಬೆಳಕು. ಯಾರಿಗೂ ವಿವರಿಸಿ ಹೇಳುವ ಅಗತ್ಯವೇ ಇರಲಿಲ್ಲ.

ಮಾವನನ್ನು ಹೊರಗೆ ಕೂರಿಸಿ, ಇನ್ನೆಷ್ಟು ದಿನ ಎಂದು ಡಾಕ್ಟರನ್ನು ಕೇಳಿದೆ. ಮೂರು ತಿಂಗಳು ಎಂದರು. ಹೋದ ಸಲವೇ ಚಿತ್ರ ಸರಿಯಾಗಿ ಬಂದಿದ್ದರೆ ಎಂದು ಕೇಳಿದೆ. "ಎರಡು ವಾರದಲ್ಲಿ ಇಷ್ಟು ಹಬ್ಬೋದಿಲ್ಲ. ಇದು ಆಗಲೇ ಇತ್ತು," ಎಂದರು. ಅದು ನಿಜವೋ, ನನ್ನ ಮುಖ ನೋಡಿ ಅವರು ಹಾಕಿದ ಕೊಸರೋ, ಇವತ್ತಿಗೂ ಗೊತ್ತಿಲ್ಲ.

ಮಧುಗಿರಿ ಬಸ್ಸಿನಲ್ಲಿ ಊರಿಗೆ ವಾಪಸಾಗುವಾಗ, ಕೊರಟಗೆರೆ ದಾಟಿದ ಮೇಲೆ ಮಾವ ಹೆಗಲ ಟವೆಲ್ಲು ತೆಗೆದು ನಮ್ಮಿಬ್ಬರ ಕೈಗಳ ಮೇಲೆ ಹಾಕಿದರು.

"ಎಷ್ಟು ತಿಂಗ್ಳು ಅಂದ್ರು? ಬಾಯಲ್ಲಿ ಹೇಳಬ್ಯಾಡ."

ನಾನು ಅವರ ಐದೂ ಬೆರಳು ಹಿಡಿದು ಬಿಟ್ಟು, ಮತ್ತೆ ಐದೂ ಹಿಡಿದೆ. ಹತ್ತು.

"ಥೂ! ನನ್ ತಾವೇ ಕಲ್ತು ನನಗೇ ಮಾರ್ತೀಯೇನ್ಲಾ?"

ಬರೀ ಐದು ಹಿಡಿದೆ. ಎದುರಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದೆ. ಹೆಬ್ಬೆರಳು ಜಾರಿಸಿಕೊಂಡರು. ಕಿರುಬೆರಳೂ ಹೋಯಿತು. ಮೂರು ಉಳಿದವು. ಡಾಕ್ಟರು ಹೇಳಿದ್ದೂ ಅಷ್ಟೇ. ನನ್ನ ಹಿಡಿತ ಬಿಗಿಯಾಯಿತು. ಮಾವ ಇನ್ನೊಂದು ಬೆರಳನ್ನೂ ಎಳೆದರು. ನಾನು ಬಿಡಲಿಲ್ಲ. ಆ ಮೆತ್ತನೆಯ ಬೆರಳನ್ನು ಹಿಡಿದೇ ಕೂತೆ.

"ನನ್ ಕೈ ಎಲ್ಡು ಅಂತೈತೆ," ಎಂದರು. "ಇರ್ಲಿ ಬುಡು. ಆ ಒಂದು ಕೊಸರು ಅಂತ ಇಟ್ಕೊ." ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

ಕೊಸರು ಸಿಗಲಿಲ್ಲ. ಎರಡನೆಯ ತಿಂಗಳು ಮುಗಿಯುವಷ್ಟರಲ್ಲಿ ಹೋಗಿಬಿಟ್ಟರು.

ಮೈಗೆ ನೀರು ಹಾಕಿದ ಮೇಲೆ ಚಟ್ಟದ ಮೇಲೆ ಮಲಗಿಸಬೇಕಿತ್ತು. ಬೆನ್ನ ಕೆಳಗೆ ಒಂದು ಕೈ, ತೊಡೆಯ ಕೆಳಗೆ ಒಂದು ಕೈ ಕೊಟ್ಟೆ. ಇನ್ನೊಬ್ಬರು ಹತ್ತಿರ ಬರುವ ಮೊದಲೇ ನಾನೊಬ್ಬನೇ ಎತ್ತಿಬಿಟ್ಟಿದ್ದೆ. ನಾನು ಕೇಳಲಿಲ್ಲ. ಕೈ ತಾನಾಗಿಯೇ ತೂಕ ಹೇಳಿತು. ಆ ಅಂಕಿಯನ್ನು ಇದುವರೆಗೆ ಯಾರಿಗೂ ಹೇಳಿಲ್ಲ.