ಅಕ್ಕನ ಧಾಟಿಯಲ್ಲಿ ಲೈವ್ ಆದ ವೆಬ್‌ಸೈಟು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಟ್ಟರೆ ನೀವು ಉಗಿಯುವುದು ಸ್ವಲ್ಪ ಕಡಿಮೆಯಾದೀತು ಅಂತ ಆಸೆ.

ಮದ್ದೂರಿನ ಸಾವಿತ್ರಕ್ಕ ನನ್ನ ದೊಡ್ಡಮ್ಮನ ಮಗಳು. ಮದುವೆ ಮುಗಿದ ಮೇಲಿನ ಬೀಗರೂಟಕ್ಕೆ ಅಡುಗೆ ಮಾಡಿಸುವುದು ಅವಳ ಉದ್ಯೋಗ. ಅವಳಿಗೊಂದು ವೆಬ್‌ಸೈಟು ಮಾಡಿಕೊಟ್ಟವನು ನಾನು. ಒಂದಿಷ್ಟು ಫೋಟೋ, ಊಟದ ವಿವರ, ಫೋನ್ ನಂಬರು, ಅಷ್ಟೇ. ಆದರೆ ಅಕ್ಕನ ಫೋನು ನಿಲ್ಲಬೇಕಲ್ಲ? "ಲೇ, ಬೋಟಿ ಗೊಜ್ಜು ಸೇರ್ಸುಲಾ!" "ಲೇ, ಅದ್ನ ತಗ್ದಾಕ್ಲಾ!" ಮಂಡ್ಯದಲ್ಲಿ ಕೂತು ಪ್ರತಿ ಸಲ ಕೈಯಾರೆ ಫೈಲು ಏರಿಸಿ ಏರಿಸಿ ಸಾಕಾಗಿತ್ತು.

ಹೋದ ಭಾನುವಾರ ಅವಳ ಮನೆಗೇ ಲ್ಯಾಪ್‌ಟಾಪ್ ಒಯ್ದು, ಎಲ್ಲವನ್ನೂ ಆಟೋಮ್ಯಾಟಿಕ್ ಮಾಡಿದೆ. ಇನ್ನು ನಾನು ಬರೆದು ಕಳಿಸಿದರೆ ಸಾಕು, ಪುಟ ತಾನೇ ಸಿದ್ಧವಾಗಿ ತಾನೇ ಲೈವ್! ನಡುವೆ 'ಒಮ್ಮೆ ನೋಡಿ ಒಪ್ಪಿಗೆ ಕೊಡು' ಎಂಬ ಹಂತ ಇಡಬಹುದು. (ಬುದ್ಧಿವಂತರು ಇಡುತ್ತಾರೆ. ನಾನು ಇಡಲಿಲ್ಲ.)

ಪರೀಕ್ಷೆಗೆ ಏನಾದರೂ ಬರೆಯಬೇಕಲ್ಲ? ಕಂಡವರ ದನಿ ಅನುಕರಿಸುವ ನನ್ನ ಮಿಮಿಕ್ರಿ ಚಟ ಸುಮ್ಮನಿದ್ದೀತೇ? ಅಕ್ಕನ ಧಾಟಿಯಲ್ಲೇ ಮುಖಪುಟದ ನೆತ್ತಿಗೆ ಬರೆದೆ: "ಮುದ್ದೆ ಮುರಿಯಕ್ ಬರ್ದೋರು ಫೋನ್ ಮಾಡ್ಬೇಡಿ. ಗೊಣಗೋ ಬೀಗ್ರಿಗೆ ನಾವ್ ಬಡ್ಸಕಿಲ್ಲ."

ಕ್ಷಣದಲ್ಲಿ ಜಗಜ್ಜಾಹೀರು. ಕೆಲಸ ಮಾಡಿತು ಅಂತ ನಾನು ಕುಣಿದೆ.

ಅಕ್ಕ ಕುಣಿಯಲಿಲ್ಲ. "ಅಯ್ಯೋ ಮುಂಡೇದೇ, ಮಳವಳ್ಳಿ ಗೌಡ್ರಿಗೆ ಈಗ್ತಾನೆ ಲಿಂಕ್ ಕಳ್ಸಿದೀನಿ ಕಣ್ಲಾ! ಮದ್ದೂರು ದಾಟಿ ಸಿಕ್ತಿರೋ ಮೊದಲ್ನೇ ದೊಡ್ಡೂಟ. ಅಳಿಸ್ಲಾ!"

ನನ್ನ ಫೈಲಿನಲ್ಲಿ ಅಳಿಸಿದೆ. ಕಳಿಸುವ ಮೊದಲು ಜೊತೆಗೆ ಆ ಒಪ್ಪಿಗೆಯ ಹಂತವನ್ನೂ ಸೇರಿಸೋಣವೆಂದು ಸೆಟ್ಟಿಂಗ್ ಫೈಲಿಗೆ ಕೈ ಹಾಕಿ, ಗಾಬರಿಯಲ್ಲಿ ಸಾಲಿನ ಮೊದಲು ಬಿಡಬೇಕಾದ ಸ್ಪೇಸ್ ತಪ್ಪಿಸಿದೆ; ಅದೊಂದು ತಪ್ಪಿದರೂ ಆ ಫೈಲು ಕೆಟ್ಟಂತೆ. ಯಂತ್ರ ಕೆಂಪು ಗುರುತು ತೋರಿಸಿ ಮುಷ್ಕರ ಹೂಡಿತು. ಹೊಸದು ಕೆಟ್ಟರೆ ಹಳೆಯ ಪುಟವನ್ನೇ ಉಳಿಸಿಕೊಳ್ಳುವುದು ಅದರ ನಿಯತ್ತು. ಬೈಗುಳ ಅಲ್ಲೇ ಮಿರಮಿರ ಮಿಂಚುತ್ತಿತ್ತು.

ಈ ಆಟೋಮ್ಯಾಟಿಕ್ಕಿನ ತೊಂದರೆಯೇ ಇದು. ನಮ್ಮ ಕೆಲಸದ ಹಾಗೆ ನಮ್ಮ ತರಲೆಯನ್ನೂ ಅಷ್ಟೇ ಶ್ರದ್ಧೆಯಿಂದ ಊರಿಗೆ ಮುಟ್ಟಿಸುತ್ತದೆ. ಮನುಷ್ಯನಾದರೆ 'ತಮಾಷೆ ಇರಬಹುದಾ?' ಅಂತ ಒಮ್ಮೆ ಕೇಳುತ್ತಿದ್ದ.

ಅಷ್ಟರಲ್ಲಿ ಗೌಡರ ಫೋನು. "ನಿನ್ ದನೀಲಿ ನಾನೇ ಸಾರಿ ಕೇಳ್ಬುಡ್ಲಾ ಅಕ್ಕ?" ಪಿಸುಗುಟ್ಟಿದೆ. ಅಕ್ಕ ನನ್ನ ತಲೆಗೊಂದು ಮೊಟಕಿದಳು. ಫೋನಿನ ಸ್ಪೀಕರ್ ಒತ್ತಿದಳು.

"ಏನ್ ಸಾವಿತ್ರಮ್ಮ, ನಮ್ ಬೀಗ್ರು ಗೊಣಗೋರೇ ಕಣಮ್ಮ. ಅವ್ರಿಗೆ ಬಡ್ಸಕಿಲ್ವಂತಾ? ಊಟ ಬೇರೆಯೋರ್ಗೆ ಹೇಳ್ಬುಡ್ಲಾ?"

ಮಳವಳ್ಳಿಯ ಊಟ ಅವಳಿಗೇ ಗಟ್ಟಿಯಾದದ್ದು ಆಗ ಅವಳಾಡಿದ ಈ ಮಾತಿಗೆ:

"ಬಡುಸ್ತೀನಿ ಬುಡಿ ಗೌಡ್ರೇ. ನಮ್ಮೂಟ ಉಣ್ಣೋವಾಗ ಗೊಣಗಕ್ಕೆ ಬಾಯೆಲ್ಲಿ ಖಾಲಿ ಇರ್ತದೆ?"